ಮಾವನ ಒಂಟಿ ಸೀನು

ನಮ್ಮ ಸೋದರಮಾವನಿಗೆ ಹೆದರುವವರು ಯಾರೂ ಇರಲಿಲ್ಲ. ಎಲ್ಲರೂ ಹೆದರುತ್ತಿದ್ದುದು ಅವರ ಮೂಗಿಗೆ. ಆ ಮೂಗಿಗೆ ರಾಜಾಜಿನಗರದ ನಮ್ಮ ಬೀದಿಯೇ ನಡುಗುತ್ತಿತ್ತು ಅಂದರೆ ನೀವು ನಗುತ್ತೀರಿ. ನಗಿ, ನಗಿ. ನೀವು ಹೊಸಿಲು ದಾಟುವಾಗ ಹಿಂದಿನಿಂದ ಆ ಸೀನು ಬಿದ್ದಿದ್ದರೆ ಗೊತ್ತಾಗುತ್ತಿತ್ತು!

ಜೋಡಿ ಸೀನಾದರೆ ಚಿಂತೆಯಿಲ್ಲ, ಶುಭ. ಒಂಟಿ ಸೀನು ಬಿತ್ತೋ, ಅಪಶಕುನ. ಹೊರಟವರು ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಇದು ಆಗ ಎಲ್ಲರ ಮನೆಯ ಪದ್ಧತಿಯೇ. ಆದರೆ ನಮ್ಮ ಮಾವ ನಸ್ಯದ ಮನುಷ್ಯ. ಬಟ್ಟೆ ಅಂಗಡಿಯ ಗುಮಾಸ್ತಿಕೆಗೆ ಹೋಗುವ ಮುಂಚೆ, ಹೋಗಿ ಬಂದ ಮೇಲೆ, ಡಬ್ಬಿ ಹಿಡಿದು ಜಗಲಿಯ ಮೇಲೇ ಇರುತ್ತಿದ್ದರು. ಬೀದಿಯವರು ಅವರ ಕಡೆ ಒಂದು ಕಣ್ಣಿಟ್ಟೇ ಚಪ್ಪಲಿ ಮೆಟ್ಟುತ್ತಿದ್ದರು. ಹಿತ್ತಲಲ್ಲಿ ಸಾಲಾಗಿ ಸೀನುವ ಮನುಷ್ಯ, ಯಾರಾದರೂ ಹೊರಟಾಗ ಮಾತ್ರ ಒಂದಕ್ಕೇ ಯಾಕೆ ನಿಲ್ಲಿಸುತ್ತಾರೆ ಅಂತ ಯಾರೂ ಕೇಳಲಿಲ್ಲ. ಹೆದರಿಕೊಂಡವರು ಎಲ್ಲಿ ಕೇಳುತ್ತಾರೆ?

ಎದುರುಮನೆಯವರು ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್. ಒಂದು ಬೆಳಿಗ್ಗೆ ರಾಜೀನಾಮೆ ಬರೆದು ಜೇಬಿಗೆ ತುರುಕಿಕೊಂಡು, "ಇವತ್ತು ಅವನ ಮುಖದ ಮೇಲೆ ಬಿಸಾಕಿ ಬರ್ತೀನಿ" ಅಂತ ಬೀದಿಗೆಲ್ಲ ಕೇಳುವಂತೆ ಹೇಳಿ ಗೇಟು ತೆಗೆದರು. ಮಾವ ಸೀನಿದರು. ಪಾಪ, ಟೈಪಿಸ್ಟ್ ಮುಖ ಬಿಳಿಚಿಹೋಯಿತು. ನಮ್ಮ ಜಗಲಿಗೇ ಬಂದು ಕುಸಿದರು. ಅತ್ತೆ ನೀರು ಕೊಟ್ಟರು.

"ಯಾರ ಮುಖದ ಮೇಲೆ ಸಾರ್?" ಅಂದರು ಮಾವ, ಏನೂ ಅರಿಯದವರ ಹಾಗೆ.

"ಸೂಪರ್‌ವೈಸರ್ ಮುಖದ ಮೇಲೆ. ಇನ್ನು ತಡೆಯೋಕಾಗಲ್ಲ."

"ಅವರು ಇನ್ನೂ ಎಷ್ಟು ದಿನ ಇರ್ತಾರೋ ಅಲ್ಲಿ?"

"ಬರೋ ತಿಂಗಳು ರಿಟೈರು..." ಅಂದವರ ಕೈಯಲ್ಲಿ ಲೋಟ ಹಾಗೇ ನಿಂತಿತು. ಸಂಜೆ ಅದೇ ಕಾಗದದಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡು ಬಂದರು.

ಕೈಹಿಡಿದವರು ಅಂತ ಅತ್ತೆಗೇನೂ ವಿನಾಯಿತಿ ಇರಲಿಲ್ಲ. ಒಂದು ದಿನ ರಾಗಿಹಿಟ್ಟು ಜರಡಿ ಹಿಡಿಯುವ ಒಂದರಿ ಕಾಣಲಿಲ್ಲ. ಪಕ್ಕದ ಮನೆಯವಳದೇ ಕೆಲಸ ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟರು. ಸೀನು! ಗೊಣಗುತ್ತ ಬಂದು ಕೂತು ನೀರು ಕುಡಿಯುವಾಗ ನೆನಪಾಯಿತು, ಒಂದರಿಯನ್ನು ತಮ್ಮ ತಂಗಿಗೆ ಕೊಟ್ಟವರು ತಾವೇ. ಆದರೂ ಪಕ್ಕದ ಮನೆಗೆ ಹೋದರು. ಹೆಪ್ಪಿಗೆ ಒಂದಿಷ್ಟು ಮಜ್ಜಿಗೆ ಕೇಳಿಕೊಂಡು ಬಂದರು.

ನನಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ನನ್ನಮ್ಮ, ಅಂದರೆ ಮಾವನ ತಂಗಿ, ನನ್ನನ್ನು ಹೆತ್ತ ದಿನವೇ ಹೋದಳು. ಮಾವನ ಮನೆಯಲ್ಲೇ ಬೆಳೆದೆ. ತಾಯಿಯನ್ನು ತಿಂದುಕೊಂಡು ಹುಟ್ಟಿದ್ದು ಅಂತ ನೆಂಟರು ಪಿಸುಗುಟ್ಟಿದ್ದು ಕೇಳಿದ್ದೆ. ಅಪಶಕುನ ಅಂದರೆ ಸಾಕು, ಕೈಕಾಲು ತಣ್ಣಗಾಗುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಮಾವನ ನಸ್ಯದ ಡಬ್ಬಿಯನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟೆ. ಅಕ್ಕಿ ತೆಗೆಯಲು ಹೋದ ಅತ್ತೆ ಸೀನಿದರು. ಪುಣ್ಯಕ್ಕೆ ಜೋಡಿ.

ಹೆದರುವವರ ಕಣ್ಣು ಬಲು ಚುರುಕು, ನೋಡಿ. ನೋಡುತ್ತ ನೋಡುತ್ತ ನನಗೊಂದು ಗುಟ್ಟು ಸಿಕ್ಕಿತು. ಹಿತ್ತಲಲ್ಲಿ ಮೊದಲು ಸೀನು, ಆಮೇಲೆ ಹೆಗಲ ಮೇಲಿನ ಟವೆಲ್ ಮೂಗಿಗೆ. ಜಗಲಿಯಲ್ಲಿ ಮೊದಲು ಟವೆಲ್, ಆಮೇಲೆ ಸೀನು!

"ಮಾವ, ನೀವು ಸುಳ್ಳು ಸೀನ್ತೀರಿ" ಅಂದೆ.

"ಮೆಲ್ಲಗೆ ಮಾತಾಡೇ" ಅಂತ ಬೀದಿಯ ಕಡೆ ನೋಡಿದರು. "ಬೇಡ ಅಂದ್ರೆ ಯಾರು ಕೇಳ್ತಾರೆ ಹೇಳು? ಸೀನಿದ್ರೆ ಕೂತ್ಕೋತಾರೆ. ಒಂದು ಲೋಟ ನೀರು ಕೆಳಗಿಳಿಯೋ ಹೊತ್ತಿಗೆ ಬುದ್ಧಿ ಒಂಚೂರು ಮೇಲೆ ಬರುತ್ತೆ."

"ಹಾಗಾದ್ರೆ ಶಕುನ?"

"ಮೂಗಿಗೇನು ಗೊತ್ತು ನಾಳೆ ಕತೆ?" ಅಂದರು. ಡಬ್ಬಿಯನ್ನು ಕೈಯಲ್ಲೇ ತಿರುಗಿಸಿದರು. "ನಿಮ್ಮಮ್ಮಂಗೆ ನೋವು ಬಂದ ದಿನ ಎಲ್ಲಾರೂ ಅವಸರ ಅವಸರ ಅಂತ ಎತ್ತಿನ ಗಾಡಿ ಹತ್ತಿಸಿದ್ರು ಕಣೇ. ಸೂಲಗಿತ್ತಿ ಈಗ ಬೇಡ ಅಂತಾನೇ ಇದ್ಲು. ಒಬ್ಬರೂ ಕೂತು ಅವಳ ಮಾತು ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ನನಗೆ ಮದುವೆಯಾಯಿತು. ಯಜಮಾನರಿಗೆ ಮೈಸೂರಿನಲ್ಲಿ ಕೆಲಸ. ಚೊಚ್ಚಲ ಹೆರಿಗೆಗೆ ತೌರಿಗೆ, ಅಂದರೆ ಮಾವನ ಮನೆಗೇ ಬಂದೆ. ಬಸಿರಾದಾಗಿನಿಂದ ಒಂದೇ ಹೆದರಿಕೆ, ಅಮ್ಮನ ಹಾಗೇ ನಾನೂ ಹೋಗುತ್ತೇನೆ ಅಂತ. ಯಾರಿಗೆ ಹೇಳಲಿ? ಮಾವ ಕೇಳದೆಯೇ ತಿಳಿದುಕೊಂಡಿದ್ದರು. ಡಾಕ್ಟರಮ್ಮನಿಗೆ ಮೊದಲೇ ತೋರಿಸಿ, ಜಟಕಾದವನನ್ನು ಮೊದಲೇ ಗೊತ್ತು ಮಾಡಿ, ನಸ್ಯದ ಡಬ್ಬಿಯನ್ನು ತಾವೇ ಅಟ್ಟದ ಮೇಲೆ ಎಸೆದಿದ್ದರು.

ಮಧ್ಯಾಹ್ನ ನೋವು ಬಂತು. ಪೇಟೆಯ ಆಸ್ಪತ್ರೆಗೆ ಹೊರಡಬೇಕು. ಅತ್ತೆ ಜಟಕಾ ಹತ್ತಿ ಕೂತರು. ನನಗೆ ಮೆತ್ತಗಿರಲಿ ಅಂತ ಜಟಕಾದವನು ಹುಲ್ಲು ಕೊಡವಿ ಹಾಸಿದ. ಧೂಳೆದ್ದಿತು. ನಾನು ಹತ್ತಿ ಕೂತೆ, ಮಾವ ಸೀನಿದರು.

ಒಂದೇ ಸೀನು. ಟವೆಲ್ ಹೆಗಲ ಮೇಲೇ ಇತ್ತು. ಅದು ನಿಜವಾದ ಸೀನು.

ಜಟಕಾದವನು ಲಗಾಮು ಕೆಳಗಿಟ್ಟ. "ಇಳಿದು ಒಸಿ ನೀರು ಕುಡೀರಮ್ಮ" ಅಂದ. ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಮೂಗಿಗೇನು ಗೊತ್ತು ಅಂದಿದ್ದ ಮಾವನ ಮುಖದಲ್ಲಿ ಅವತ್ತು ನಾನು ಕಂಡ ಹೆದರಿಕೆಯನ್ನು ಇನ್ಯಾರ ಮುಖದಲ್ಲೂ ಕಂಡಿಲ್ಲ. ಆದರೂ, "ಕೂತು ಯೋಚನೆ ಮಾಡಿದ್ದೆಲ್ಲ ಆಗಿದೆ. ಹೊಡಿಯಯ್ಯಾ ಗಾಡಿ" ಅಂದರು.

ಗಾಡಿ ಹೊರಟಿತು. ಸೈಟುಗಳ ಕಲ್ಲು, ಮಣ್ಣಿನ ರಸ್ತೆ, ಅದರ ಮಧ್ಯೆ ನಿಂತ ಮಾವ, ಎಲ್ಲ ಸಣ್ಣದಾಗುತ್ತ ಹೋಯಿತು. ಇವರನ್ನು ಇನ್ನು ನೋಡುವುದಿಲ್ಲ ಅನ್ನಿಸಿ ಅಳು ಒತ್ತಿಕೊಂಡು ಬಂತು.

ನೋಡಿದರೆ, ಮಾವ ಓಡಿ ಬರುತ್ತಿದ್ದಾರೆ! ಬರಿಗಾಲು, ಒಂದು ಕೈಯಲ್ಲಿ ಪಂಚೆ. ಏದುಸಿರು ಬಿಡುತ್ತ ಬಂದು ಜಟಕಾದ ಹಿಂದಿನ ಹಲಗೆ ಹಿಡಿದುಕೊಂಡರು. ಹೆಗಲ ಮೇಲಿನ ಟವೆಲ್ ತೆಗೆದು ಮೂಗಿಗೆ ಹಿಡಿದರು. ಆಮೇಲೆ, ಬೀದಿ ಅದುರುವ ಹಾಗೆ ಸೀನಿದರು.

"ಎರಡಾಯ್ತು ಕಣೇ, ಕೇಳಿಸ್ತಾ? ಜೋಡಿ. ಹೆದರ್ಕೋಬೇಡ, ಹೋಗಿ ಬಾ ಮಗಳೇ."

ಟವೆಲ್ ಮೊದಲೇ ಹೋಗಿದ್ದನ್ನು ಕಂಡಿದ್ದೆ. ಆದರೂ ಆ ಸೀನನ್ನು ನಂಬಿದೆ. ಕೈಕಾಲಿಗೆ ಬಿಸಿ ಬಂತು.

"ಕೇಳಿಸ್ತು ಮಾವ" ಅಂದೆ. "ನೀವು ಮನೆಗೆ ಹೋಗಿ, ಕೂತು ಒಂದು ಲೋಟ ನೀರು ಕುಡೀರಿ."