ಹೋದ ಸದ್ದು, ಬಂದ ಸದ್ದು

ಶನಿವಾರ ಸಂಜೆ ಕ್ಯಾಮೆರಾ ಮನೆಗೆ ಬಂತು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದೇ ಒಂದು ಸಲ ಸದ್ದು ಮಾಡಿ ನಿಂತುಹೋಯಿತು. ಅದೇ ದಿನ ಇಳಿಹೊತ್ತಿಗೆ ಅತ್ತೆ ಮತ್ತು ಮಾವ ಬಂಧುಬಳಗದೊಂದಿಗೆ ಬರುವವರಿದ್ದರು. ಸಂಗತಿಗಳನ್ನು ಈ ಕ್ರಮದಲ್ಲಿಯೇ ಹೇಳುವುದು ಅವಶ್ಯ. ಏಕೆಂದರೆ ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ ಕೆಲಸ ಮಾಡುವ, ನೆರೆಹೊರೆಯವರ ಬಾಯಲ್ಲಿ ‘ಪರೀಕ್ಷಕ’ ಎಂದೇ ಕರೆಯಲ್ಪಡುವ ನಮ್ಮ ಗೃಹಸ್ಥ ಆ ದಿನವೆಲ್ಲ ಅನುಮಾನಪಟ್ಟದ್ದು ಶನಿವಾರದ ಸಂಜೆಯ ಮೇಲೆ, ಮತ್ತು ಆ ಸಂಜೆ ಕ್ಯಾಮೆರಾ ಮುಟ್ಟಿದ್ದ ಒಬ್ಬೊಬ್ಬರ ಮೇಲೆ.

ಕ್ಯಾಮೆರಾ ಮಾವನದು. ಕೈಯಿಂದ ತಿರುಗಿಸಿಯೇ ಫೋಕಸ್ ಮಾಡಬೇಕಾದ, ರೀಲು ಹಾಕುವ, ಇಟ್ಟಿಗೆಯಷ್ಟು ಭಾರದ ಹಳೆಯ ಯಂತ್ರ. ಅತ್ತೆಯ ಅಕ್ಕತಂಗಿಯರೆಲ್ಲ ಬಹುಕಾಲದ ನಂತರ ಒಂದೆಡೆ ಸೇರುವವರಿದ್ದರು. ಅಗಲವಾದ ತಾರಸಿ ಇದೆಯೆಂಬ ಒಂದೇ ಅರ್ಹತೆಯಿಂದ ಪರೀಕ್ಷಕನ ಮನೆ ಆಯ್ಕೆಯಾಗಿತ್ತು. ಮಾವ ಒಂದು ಕೆನ್ನೆ ಉಬ್ಬಿಸಿಕೊಂಡೇ ಕ್ಯಾಮೆರಾವನ್ನು ಅವನ ಕೈಗಿತ್ತಿದ್ದರು.

“ನಾಳೆ ಫೋಟೋ ತೆಗೆಯೋದು ನೀವೇ, ಅಳಿಯಂದಿರೇ. ಎಲ್ಲಾ ಸಿದ್ಧ ಮಾಡಿಟ್ಟಿದೀನಿ. ಬೆಳಿಗ್ಗೆ ಒಂದ್ಸಲ ಒತ್ತಿ ನೋಡಿ, ಕೈಗೆ ಹಿಡಿತ ಬರಲಿ. ಲೆನ್ಸು ಬಿಚ್ಚೋಕೆ ಮಾತ್ರ ಹೋಗ್ಬೇಡಿ.”

ಈ ಜವಾಬ್ದಾರಿಯಲ್ಲಿ ಪರೀಕ್ಷಕನ ಮಾನವೇ ಅಡಗಿತ್ತು. ಮದುವೆಯಾದ ಹೊಸದರಲ್ಲಿ ಅವನು ಅತ್ತೆಯ ಮಿಕ್ಸಿಯನ್ನು ಬಿಚ್ಚಿ, ಶುಚಿಗೊಳಿಸಿ, ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಉಳಿದುಬಿಟ್ಟಿತ್ತು. ಮಿಕ್ಸಿ ಆಮೇಲೆ ತಿರುಗಲಿಲ್ಲ. ಸ್ಕ್ರೂವಿನ ಸುದ್ದಿ ಮಾತ್ರ ನೆಂಟರಿಷ್ಟರ ಮನೆಗಳನ್ನೆಲ್ಲ ತಿರುಗಿ ಬಂತು. ಅತ್ತೆ ಆ ಸ್ಕ್ರೂವನ್ನು ಒಂದು ಪುಟ್ಟ ಬಟ್ಟಲಲ್ಲಿಟ್ಟು ಶೋಕೇಸಿಗೆ ಏರಿಸಿದ್ದರು. ಅಂದಿನಿಂದ ಹೆಂಡತಿಯ ತವರಿನಲ್ಲಿ ಅವನ ಹೆಸರು ‘ಉಳಿದ ಸ್ಕ್ರೂ’. ಈ ಸಲದ ಫೋಟೋ ನೆಟ್ಟಗೆ ಬಂದರೆ ಬಟ್ಟಲನ್ನು ಕೆಳಗಿಳಿಸುವುದಾಗಿ ಅತ್ತೆ ಮಗಳ ಮೂಲಕ ಹೇಳಿಕಳಿಸಿದ್ದರು.

ಆದುದರಿಂದ ಭಾನುವಾರ ಬೆಳಿಗ್ಗೆ ಪರೀಕ್ಷಕ ಕೈತೊಳೆದು, ಒರೆಸಿಕೊಂಡು, ಮಡಚಿದ ಟವೆಲಿನ ಮೇಲೆ ಕ್ಯಾಮೆರಾ ಇಟ್ಟು, ನಂತರ ಎತ್ತಿ, ಪಾತ್ರೆ ಒರೆಸುತ್ತಿದ್ದ ಹೆಂಡತಿಯತ್ತ ತಿರುಗಿಸಿ ಗುಂಡಿ ಒತ್ತಿದ. ಕ್ಲಿಕ್ ಎಂದಿತು. ಕಿಂಡಿಯೊಳಗಿನ ಹೆಂಡತಿ ಮಾಯವಾದಳು.

“ಏನಾಯ್ತು ರೀ?”

“ಏನಿಲ್ಲ. ಕತ್ತಲಾಯ್ತು.”

“ಬೆಳ್‌ಬೆಳಿಗ್ಗೆನಾ?”

ರೀಲು ಮುಂದೂಡುವ ಹಿಡಿಯನ್ನು ಎಳೆದ. ಅದು ಹಟಮಾರಿ ಕತ್ತೆಯಂತೆ ಕಾಲೂರಿ ನಿಂತಿತು. ಬ್ಯಾಟರಿ ತೆಗೆದು ಹಾಕಿದ. ಲೆನ್ಸಿಗೆ ಮುಚ್ಚಳವಿದೆಯೇ ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ಗಡಿಯಾರದಜ್ಜ. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿ, ಈಗ ಕಿಟಕಿಯ ಪಕ್ಕ ಕುಳಿತು ನೆರೆಮನೆಗಳ ಸದ್ದನ್ನು ರಿಪೇರಿ ಮಾಡುವವರು.

“ಹೋದ ಸದ್ದು ಕೇಳಿಸ್ತು ಕಣೋ. ಬಂದ ಸದ್ದು ಕೇಳಿಸ್ಲಿಲ್ಲ.”

“ಯಾವ ಸದ್ದು ಅಜ್ಜಾ?”

“ಅದರೊಳಗೊಂದು ಕನ್ನಡಿ ಇದೆ. ಒತ್ತಿದಾಗ ಮೇಲೆ ಹೋಗುತ್ತೆ, ಫೋಟೋ ಆದ್ಮೇಲೆ ಕೆಳಗೆ ಬರುತ್ತೆ. ನಿನ್ನ ಕನ್ನಡಿ ಹೋಗಿದ್ದು ಅಲ್ಲೇ ಕೂತ್ಬಿಟ್ಟಿದೆ, ತವರಿಗೆ ಹೋದ ಹಾಗೆ.”

ಅಡುಗೆಮನೆಯಲ್ಲಿ ಒಂದು ಪಾತ್ರೆ ಬೇಕೆಂದೇ ಜೋರಾಗಿ ಸದ್ದು ಮಾಡಿತು.

ಪರೀಕ್ಷಕನ ತಲೆಯಲ್ಲಿ ಮೊದಲ ಅನುಮಾನ ಹೆಡೆಯೆತ್ತಿತು. ಒಂದು ಗೋಡೆ, ಒಂದು ಕಿಟಕಿ ದಾಟಿ ಈ ಮುದುಕರಿಗೆ ಇಷ್ಟು ನಿಖರವಾಗಿ ಕೇಳಿಸಿದ್ದು ಹೇಗೆ? ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದು ಕಿವಿಗೊಟ್ಟು ಕಾಯುತ್ತಿದ್ದರೇ? ಶನಿವಾರ ಸಂಜೆ ಮಾವ ಹೊರಟ ಮೇಲೆ ಕ್ಯಾಮೆರಾ ನೋಡಲು ಬಂದವರು ಮೂವರು: ಈ ಅಜ್ಜ, ಎದುರುಮನೆಯ ಟೈಲರಕ್ಕ ಮತ್ತು ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ಮೂವರೂ ಅದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದ್ದರು.

ಕರೆಯುವ ಅಗತ್ಯವೇ ಬೀಳಲಿಲ್ಲ. ಸುದ್ದಿ ಮೂಗಿಗೆ ಬಡಿದವರಂತೆ ಉಳಿದಿಬ್ಬರೂ ಬಂದರು. ಟೈಲರಕ್ಕನ ಕೈಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿಯಿತ್ತು.

“ಎರಡು ತೊಟ್ಟು ಬಿಟ್ರೆ ಆಯ್ತು. ನನ್ನ ಮಷೀನು ಕೂಡ ಹೀಗೇ ಮುನಿಸ್ಕೊಳ್ಳುತ್ತೆ.”

“ಬೇಡ ಅಕ್ಕಾ! ಎಣ್ಣೆ ಬಿದ್ರೆ ಮುಗೀತು!”

“ಎಣ್ಣೆ ಯಾಕಮ್ಮಾ, ಹಿಂದಿನ ಬಾಗಿಲು ತೆಗೆದು ನೋಡಿದ್ರೆ ಸಾಲದಾ?” ಎಂದರು ಅಧ್ಯಕ್ಷರು. ಅವರ ಬೆರಳು ಆಗಲೇ ಕ್ಯಾಮೆರಾದ ಬೆನ್ನ ಮೇಲಿತ್ತು.

ಪರೀಕ್ಷಕ ಮಗುವನ್ನು ಕಸಿದುಕೊಂಡಂತೆ ಕ್ಯಾಮೆರಾ ಕಸಿದುಕೊಂಡ. “ಹಿಂದೆ ತೆಗೆದ್ರೆ ಬೆಳಕು ಬಿದ್ದು ಇಡೀ ರೀಲು ಹಾಳಾಗುತ್ತೆ ಸಾರ್!” ಅಷ್ಟಾದರೂ ನಂಬಿಕೆ ಬಾರದೆ, ಪರೀಕ್ಷಾಲಯದಿಂದ ತಂದಿದ್ದ ಅಂಟುಪಟ್ಟಿಯಿಂದ ಹಿಂಬಾಗಿಲನ್ನು ಸುತ್ತ ಬಿಗಿದು, ದುಂಡಗಿನ ಅಕ್ಷರಗಳಲ್ಲಿ ‘ತೆಗೆಯಬಾರದು’ ಎಂದು ಬರೆದ. ಅಧ್ಯಕ್ಷರಿಗೆ ಇಷ್ಟೊಂದು ಅವಸರ ಯಾಕೆ ಎಂಬುದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

ಕೊನೆಗೆ ಮಾವನ ಎಚ್ಚರಿಕೆಯನ್ನು ಮೀರಿ ಲೆನ್ಸು ಬಿಚ್ಚಲೇಬೇಕಾಯಿತು. ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಣುಕಿದರು. ಕನ್ನಡಿ ಮೇಲೆದ್ದು ಅಲ್ಲಿನ ಸ್ಪಂಜಿನ ಪಟ್ಟಿಗೆ ಕಚ್ಚಿಕೊಂಡಿತ್ತು.

“ಹಳೇ ಕ್ಯಾಮೆರಾದಲ್ಲಿ ಇದು ಮಾಮೂಲು. ಸ್ಪಂಜು ವಯಸ್ಸಾಗಿ ಕರಗಿ ಅಂಟಾಗುತ್ತೆ. ಸ್ಪಿರಿಟ್ ತಾ, ಹತ್ತಿ ತಾ.”

ಪರೀಕ್ಷಕ ಹತ್ತಿ ಸುತ್ತಿದ ಕಡ್ಡಿಯ ತುದಿಯಲ್ಲಿ ಆ ಅಂಟನ್ನು ಕಿಂಚಿತ್ ತೆಗೆದು, ವೃತ್ತಿಧರ್ಮಕ್ಕನುಸಾರ ಮೊದಲು ಮೂಸಿದ. ಹಾಗೇ ಸೆಟೆದು ನಿಂತ.

ಲವಂಗದ ವಾಸನೆ!

ಸ್ಪಂಜಿಗೆ ವಯಸ್ಸಾಗಬಹುದು, ಲವಂಗದ ವಾಸನೆ ಬರಲಾರದು. ಇದು ಯಾರೋ ಬೇಕೆಂದೇ ಮೆತ್ತಿದ್ದು. ಹಾಗಿದ್ದರೆ ಆ ‘ಯಾರೋ’ ಇದೇ ಕೋಣೆಯಲ್ಲಿದ್ದಾರೆ. ಅವನು ಟೈಲರಕ್ಕನ ಕೈ ಹಿಡಿದು ಮೂಸಿದ.

“ಇದೇನಪ್ಪಾ ಇದು! ನಾನೇನು ನಿಮ್ಮ ಲ್ಯಾಬಿನ ನೀರಾ?”

ಬರೀ ಮಷೀನೆಣ್ಣೆ. ಅಲ್ಲಿಂದ ಅಧ್ಯಕ್ಷರತ್ತ ಬಾಗಿ, ಅವರ ಮೀಸೆಯ ಹತ್ತಿರ ಮೂಗೊಯ್ದು, ಆಳವಾಗಿ ಉಸಿರೆಳೆದುಕೊಂಡ.

“ಲವಂಗ ಇಲ್ಲ. ಕೂದಲಿನ ಬಣ್ಣ, ಇವತ್ತೇ ಹಚ್ಚಿದ್ದು” ಎಂಬ ಫಲಿತಾಂಶ ಬಾಯಿಂದ ಜಾರಿಯೇಬಿಟ್ಟಿತು.

“ಓಹೋ!” ಎಂದಳು ಟೈಲರಕ್ಕ. “ಹುಟ್ಟುಗಪ್ಪು ಅಂತಿದ್ರಿ?”

ಅಧ್ಯಕ್ಷರ ಮುಖ ಮಾತ್ರ ಬಣ್ಣ ಹಚ್ಚದೆಯೇ ಕೆಂಪಾಯಿತು. “ನಿಮ್ಮ ತಾರಸಿ ಕಾರ್ಯಕ್ರಮಕ್ಕೆ ಸಂಘದ ಅನುಮತಿ ಇದೆಯಾ ಅಂತ ನೋಡ್ಬೇಕಾಗುತ್ತೆ” ಎಂದು ಗುಡುಗಿ ಹೊರಟರು. ಈ ಸುದ್ದಿಯನ್ನು ಬಿಸಿಬಿಸಿಯಾಗಿ ಹಂಚುವ ಆತುರದಲ್ಲಿ ಟೈಲರಕ್ಕನೂ ಎದ್ದಳು.

ಉಳಿದವರು ಅಜ್ಜ. ಅವರು ಬಾಗಿ ಕೆಲಸದಲ್ಲಿ ತೊಡಗಿದ್ದರು. ಪರೀಕ್ಷಕ ಹಿಂದಿನಿಂದ ಹೆಜ್ಜೆ ಸಪ್ಪಳವಾಗದಂತೆ ಹೋಗಿ ಅವರ ಬಾಯಿಯ ಬಳಿ ಮೂಸಿದ. ಸಂಶಯವೇ ಇಲ್ಲ!

“ಅಜ್ಜಾ, ಬಾಯಲ್ಲೇನು?”

“ಲವಂಗ ಕಣೋ. ಹಲ್ಲುನೋವು.”

“ಹಲ್ಲುನೋವು ನಿಮಗೆ, ಲವಂಗ ನನ್ನ ಕ್ಯಾಮೆರಾದಲ್ಲಿ! ನೀವೇ ಕೆಡಿಸಿ ನೀವೇ ರಿಪೇರಿಗೆ ಬಂದ್ರಾ? ಕೈ ಕಟ್ಟಿ ಕೂತು ಬೇಜಾರಾಗಿತ್ತಾ?”

ಅಜ್ಜ ಭೂತಗನ್ನಡಿ ತೆಗೆದರು. ಚಿಮಟವನ್ನು ಜೇಬಿಗಿಟ್ಟರು. “ಅರ್ಧ ಬಿಡಿಸಿದೀನಿ. ಉಳಿದರ್ಧ ನಿನ್ನ ಅನುಮಾನಾನೇ ಬಿಡಿಸಲಿ” ಎಂದು ಎದ್ದುಹೋದರು.

ಪರೀಕ್ಷಕ ಒಬ್ಬನೇ ಉಳಿದ. ಕನ್ನಡಿ ಅರ್ಧ ಕೆಳಗೆ, ಅರ್ಧ ಮೇಲೆ, ಅವನ ಮಾನದಂತೆಯೇ ತೂಗಾಡುತ್ತಿತ್ತು. ಮುಟ್ಟಲು ಧೈರ್ಯ ಸಾಲದು, ಬಿಡಲು ಹೊತ್ತಿಲ್ಲ. ಹೀಗೆ ಅವನು ಕ್ಯಾಮೆರಾವನ್ನೂ ಕ್ಯಾಮೆರಾ ಅವನನ್ನೂ ದಿಟ್ಟಿಸುತ್ತಿರುವಾಗ ಹೆಂಡತಿ ಕೂಗಿದಳು.

“ರೀ, ಈ ಹತ್ತಿಕಡ್ಡಿ ಯಾರು ಇಲ್ಲಿಟ್ಟಿದ್ದು? ನೋಡಿ, ಇರುವೆ ಮುತ್ಕೊಂಡಿವೆ!”

ಇರುವೆಗಳು ಕಿಟಕಿಯಿಂದ ಮೇಜಿನವರೆಗೆ ಶಿಸ್ತಾಗಿ ಸಾಲುಗಟ್ಟಿದ್ದವು. ಪರೀಕ್ಷಕ ಇದಕ್ಕಿಂತ ಸ್ಪಷ್ಟವಾದ ವರದಿಯನ್ನು ವೃತ್ತಿಜೀವನದಲ್ಲಿಯೇ ಕಂಡಿರಲಿಲ್ಲ. ಅಂಟಿನಲ್ಲಿ ಸಕ್ಕರೆಯಿದೆ! ಬರೀ ಲವಂಗವಲ್ಲ, ಲವಂಗ ಬೆರೆತ ಯಾವುದೋ ಸಿಹಿ.

“ಹಾಗಾದ್ರೆ ಅಜ್ಜ ಲವಂಗದ ಜೊತೆ ಸಕ್ಕರೆನೂ...”

“ಅಜ್ಜನಿಗೆ ಸಕ್ಕರೆ ಕಾಯಿಲೆ ರೀ. ನಮ್ಮನೇಲಿ ಕಾಫೀನೂ ಸಪ್ಪೆಯಾಗೇ ಕುಡೀತಾರೆ. ಅವರ ಮೇಲೆ ಕೂಗಾಡಿದ್ರಾ? ನಡೀರಿ, ಹೋಗಿ ಕಾಲಿಗೆ ಬೀಳಿ.”

ಪರೀಕ್ಷಕ ಹೋದ. ಅಜ್ಜ ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿದ್ದರು. ಮುನಿಸು ಇಳಿದದ್ದು ಕ್ಷಮೆ ಕೇಳಿದ್ದರಿಂದಲ್ಲ. ಅರ್ಧಕ್ಕೆ ಬಿಟ್ಟುಬಂದ ಕೆಲಸ ಅವರ ಬೆರಳುಗಳನ್ನೂ ಕಡಿಯುತ್ತಿತ್ತು. ಬಂದು ಕುಳಿತು, ಹತ್ತಿಯಿಂದ ಹನಿಹನಿಯಾಗಿ ಒರೆಸಿ, ಕನ್ನಡಿಯನ್ನು ಬಿಡಿಸಿ, ಲೆನ್ಸು ಕೂರಿಸಿದರು. ಹಿಡಿ ಎಳೆದರೆ ಬೆಣ್ಣೆಯಂತೆ ಸರಿಯಿತು. ಪರೀಕ್ಷಕ ಗುಂಡಿ ಒತ್ತಿದ. ಹೋದ ಸದ್ದು ಹೋಯಿತು, ಬಂದ ಸದ್ದು ಬಂತು.

“ಆದ್ರೂ ಮೆತ್ತಿದ್ದು ಯಾರು ಅಜ್ಜಾ?”

“ಮೊದಲು ಫೋಟೋ ತೆಗಿ. ಆಮೇಲೆ ಲೋಕವನ್ನೆಲ್ಲ ಮೂಸು.”

ಇಳಿಹೊತ್ತಿಗೆ ತಾರಸಿ ತುಂಬಿತು. ಮಾವ ಹೆಗಲಿಗೆ ಒಂದು ಹೊಸ ಚೀಲ ಹಾಕಿಕೊಂಡು, ಕೆಳಗಿಡೆಂದರೂ ಇಡದೆ, ಹುರುಪಿನಿಂದ ಬಂದರು.

“ಏನು ಅಳಿಯಂದಿರೇ, ಒತ್ತಿ ನೋಡಿದ್ರಾ? ಏನಾದ್ರೂ ತೊಂದರೆ ಆಯ್ತಾ? ಹೇಳಿ, ನಾನು ಏನೂ ಅಂದ್ಕೊಳ್ಳಲ್ಲ.”

“ಏನೂ ಇಲ್ಲ ಮಾವ. ಚೆನ್ನಾಗಿ ಓಡ್ತಿದೆ.”

“ಚೆನ್ನಾಗಿ ಓಡ್ತಿದೆಯಾ?” ಮಾವನ ದನಿ ಆಸ್ಪತ್ರೆಯ ವರಾಂಡದಲ್ಲಿ ನಿಂತವರ ದನಿಯಂತಿತ್ತು. ಮಾವನಿಗೂ ನನ್ನ ಕೈಮೇಲೆ ನಂಬಿಕೆಯಿಲ್ಲ ಎಂದುಕೊಂಡ ಪರೀಕ್ಷಕ ಹಲ್ಲುಕಚ್ಚಿ ಕೆಲಸ ಆರಂಭಿಸಿದ.

ಅಕ್ಕತಂಗಿಯರು ನಿಂತರು, ಕುಳಿತರು, ಎತ್ತರದ ಕ್ರಮದಲ್ಲಿ, ವಯಸ್ಸಿನ ಕ್ರಮದಲ್ಲಿ, ಜಗಳವಾಡಿ ಮಾತುಬಿಟ್ಟವರು ದೂರ ಇರುವ ಕ್ರಮದಲ್ಲಿ. ಕೊನೆಗೆ ಮಾತುಬಿಟ್ಟವರೂ ತಬ್ಬಿಕೊಂಡು ಅತ್ತರು. ಅದನ್ನೂ ಪರೀಕ್ಷಕ ಸೆರೆಹಿಡಿದ. “ಇನ್ನೊಂದು, ಇನ್ನೊಂದು” ಎನ್ನುತ್ತಲೇ ಇದ್ದರು. ಕ್ಯಾಮೆರಾ ಪ್ರತಿಸಲವೂ ಹೋಗಿ ಬಂದ ಸದ್ದು ಮಾಡಿತು. ಅತ್ತೆ ಮೊಟ್ಟಮೊದಲ ಬಾರಿಗೆ ಅಳಿಯನತ್ತ ನೋಡಿ ನಕ್ಕು, “ಮನೆಗೆ ಹೋದ ತಕ್ಷಣ ಆ ಬಟ್ಟಲು ಇಳಿಸ್ತೀನಿ” ಎಂದರು.

ಆಗ ಮೂಲೆಯಲ್ಲಿ ಕಿವಿ ನೆಟ್ಟು ಕುಳಿತಿದ್ದ ಗಡಿಯಾರದಜ್ಜ ಎದ್ದು ಬಂದರು.

“ಲೋ, ಒಂದು ರೀಲಿನಲ್ಲಿ ಎಷ್ಟು ಫೋಟೋ ಬರುತ್ತೆ?”

“ಮೂವತ್ತಾರು ಅಜ್ಜಾ.”

“ಅದು ಆಗಿ ಎಷ್ಟೋ ಹೊತ್ತಾಯ್ತು. ಹಿಡಿ ಇನ್ನೂ ಸರಿಯಾಗೇ ಸರೀತಿದೆ. ಈ ಎಡಗಡೆ ಗುಂಡಿ ನೋಡು. ಒಳಗೆ ರೀಲಿದ್ರೆ ಹಿಡಿ ಎಳೆದಾಗೆಲ್ಲ ಇದೂ ತಿರುಗಬೇಕು. ತಿರುಗ್ತಾ ಇದೆಯಾ?”

ತಿರುಗುತ್ತಿರಲಿಲ್ಲ. ನಗುಮುಖಗಳೆಲ್ಲ ಹಾಗೆಯೇ ಹೆಪ್ಪುಗಟ್ಟಿದವು. ಪರೀಕ್ಷಕ ‘ತೆಗೆಯಬಾರದು’ ಎಂಬ ಅಂಟುಪಟ್ಟಿಯನ್ನು ಕಿತ್ತು ಹಿಂಬಾಗಿಲು ತೆಗೆದ. ಒಳಗೆ ತೊಳೆದಿಟ್ಟ ಪಾತ್ರೆಯಷ್ಟು ಖಾಲಿ.

“ರೀಲೇ ಹಾಕಿಲ್ಲ!” ಎಂದರು ಯಾರೋ. ನಗೆಯ ಅಲೆ ತಾರಸಿಯ ಅಂಚು ದಾಟಿ ಬೀದಿಗಿಳಿಯಿತು. ಅತ್ತೆ ಮಾತ್ರ ನಗಲಿಲ್ಲ. “ಸ್ಕ್ರೂ ಬಟ್ಟಲು ಅಲ್ಲೇ ಇರಲಿ. ಅದರ ಪಕ್ಕ ಇನ್ನೊಂದು ಖಾಲಿ ಬಟ್ಟಲಿಡ್ತೀನಿ. ಈ ರೀಲಿಗೆ.”

ಮಾವನ ಮುಖದಲ್ಲಿ ಬೆಳಕು ಮರಳಿತು. ಚೀಲದ ಜಿಪ್ಪು ಎಳೆದು, ಫಳಫಳ ಹೊಳೆಯುವ ಹೊಚ್ಚಹೊಸ, ರೀಲಿನ ಹಂಗಿಲ್ಲದ ಕ್ಯಾಮೆರಾ ಹೊರತೆಗೆದು ಅತ್ತೆಯತ್ತ ತಿರುಗಿದರು. “ನೋಡು, ಹೀಗಾಗುತ್ತೆ ಅಂತಾನೇ ಒಂದು ತಂದಿದ್ದೆ. ಹಳೇದು ಕೆಡೋವರೆಗೂ ಹೊಸದರ ಮಾತೆತ್ತಬೇಡಿ ಅಂತಿದ್ದೆಯಲ್ಲಾ? ಅಳಿಯಂದಿರ ಕೈಗೆ ಕೊಟ್ಟಾಯ್ತಲ್ಲ, ಇನ್ನೇನು ಹೇಳ್ತೀಯ?”

“ಇನ್ನು ಹೇಳೋದೇನಿದೆ, ನಿಮಗಾದ್ರೂ ಬುದ್ಧಿಯಿತ್ತಲ್ಲ” ಎಂದರು ಅತ್ತೆ. ಅಕ್ಕತಂಗಿಯರು ಮತ್ತೊಮ್ಮೆ ಸಾಲುಗಟ್ಟಿದರು.

ಮಾವ ಎಲ್ಲರ ಚಿತ್ರ ತೆಗೆದು, ಸೊರಗಿ ನಿಂತಿದ್ದ ಅಳಿಯನ ಬಳಿ ಬಂದು ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದರು. “ಬಾಯಿ ಒಣಗಿರಬೇಕು. ತಗೊಳ್ಳಿ, ಪೆಪ್ಪರಮಿಂಟು.”

ಡಬ್ಬಿ ತೆರೆಯಿತು. ಪರೀಕ್ಷಕನ ಮೂಗು ತಾನಾಗಿಯೇ ಅರಳಿತು. ಲವಂಗ. ಸಕ್ಕರೆ.

“ಮಾವ... ನೀವಾ?”

“ಮೆಲ್ಲಗೆ ಮಾತಾಡಿ, ಅತ್ತೆಗೆ ಕೇಳಿಸುತ್ತೆ.” ಮಾವ ಒಂದನ್ನು ಕೆನ್ನೆಯೊಳಗೆ ಸೇರಿಸಿಕೊಂಡರು. “ಮುಟ್ಟಿದ್ದೆಲ್ಲ ಕೆಡಿಸೋ ನೀವು ಇವತ್ತೇ ರಿಪೇರಿ ಮಾಡ್ಬೇಕಿತ್ತಾ? ನನ್ನ ಎದೆ ನಿಂತೇ ಹೋಗಿತ್ತು.”

“ಆದ್ರೆ ರೀಲು? ಎಲ್ಲಾ ಸಿದ್ಧ ಮಾಡಿದೀನಿ ಅಂದ್ರಲ್ಲ!”

“ಓಡದೇ ಇರೋ ಕ್ಯಾಮೆರಾಕ್ಕೆ ಒಳ್ಳೇ ರೀಲು ಯಾಕೆ ದಂಡ ಮಾಡ್ಲಿ, ಅಳಿಯಂದಿರೇ?”

ಅತ್ತೆಗೆ ಹೇಳಿದರೆ ನಂಬುವವರಲ್ಲ. ಸಾಕ್ಷಿ ಹೇಳಬಹುದಾಗಿದ್ದ ಇರುವೆಗಳೂ ಮನೆಗೆ ಹೋಗಿದ್ದವು. ಪರೀಕ್ಷಕ ಹರಿದ ಅಂಟುಪಟ್ಟಿಯನ್ನು ತಿರುಗಿಸಿ, ಅದರ ಬೆನ್ನಿಗೆ ತನ್ನ ತಪಾಸಣೆಯ ಫಲಿತಾಂಶವನ್ನು ದುಂಡಗೆ ಬರೆದ: ಕ್ಯಾಮೆರಾದಲ್ಲಿ ದೋಷವಿಲ್ಲ, ರೀಲೂ ಇಲ್ಲ.