ಕ್ಲಿಕ್ಕಣ್ಣ ಕುದುರೆಯ ಫೋಟೋ ತೆಗೆದದ್ದು

"ಇನ್ಮೇಲೆ ಎರಡು ಕಾಲಿನ ಪ್ರಾಣಿಗಳ ಫೋಟೋ ತೆಗೆಯೋದೇ ಇಲ್ಲ!"

ಬೆಳಗಿನ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಕ್ಲಿಕ್ಕಣ್ಣ ಈ ಘೋರ ಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಒಲೆಯ ಮುಂದೆ ಮೊಟ್ಟೆ ಒಡೆಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ.

"ಕೋಳಿಗೂ ಎರಡೇ ಕಾಲು. ಪಾಪ, ಅದು ಬೇಜಾರು ಮಾಡ್ಕೊಳ್ಳತ್ತೆ" ಎಂದಳು.

"ತಮಾಷೆ ಅಲ್ಲ ಕಣೆ, ಕಲೆ! ಕುದುರೆಗಳ ಕಲಾತ್ಮಕ ಭಾವಚಿತ್ರ! ಹಿಂದೆ ಕಾಡಿಗೆಯಂಥ ಕಪ್ಪು, ಒಂದೇ ಪಕ್ಕದಿಂದ ಬೆಳಕು, ನಡುವೆ ಕುದುರೆ ಮುಖ. ಅರಮನೆ ಗೋಡೆಯ ತೈಲಚಿತ್ರ ನೋಡ್ದಂಗಿರತ್ತೆ!"

"ಕುದುರೆ ಕಂಡ್ರೆ ಕಾಲು ನೋವು ಅಂತಾರೆ. ನಿಮಗೆ ತಲೆಗೇ ಬಂತಲ್ಲ ನೋವು!"

ಹೆಂಡತಿಯ ಮಾತಿನಲ್ಲಿ ಹುರುಳಿತ್ತು. ಇಡೀ ಬೀದಿ ಪ್ರೀತಿಯಿಂದ ಕ್ಲಿಕ್ಕಣ್ಣ ಎಂದು ಕರೆಯುತ್ತಿದ್ದ ಈ ಮಹಾನುಭಾವ ಲಾಂಡ್ರಿಯ ಪಕ್ಕದ ಪುಟ್ಟ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು, ಬಿಡುವಾದಾಗ ಮದುವೆ ಮನೆಗಳಲ್ಲಿ ಕುರ್ಚಿ ಹತ್ತಿ ಇಳಿಯುತ್ತ ಬದುಕಿದವನು. ಕುದುರೆಯನ್ನು ಅವನು ಅತಿ ಸಮೀಪದಿಂದ ಕಂಡದ್ದೆಂದರೆ ರಸ್ತೆಯ ಆಚೆ ಬದಿಯಿಂದ!

ಆದರೆ ಅವನ ಮೊದಲ ಕುದುರೆ ಮನೆಯ ನಂಟಿನಿಂದಲೇ ಬಂತು. ಬಂದ ರೀತಿ ಮಾತ್ರ ಸಂತೋಷದ್ದಲ್ಲ.

ಹೆಂಡತಿಯ ಅಕ್ಕ, ಅಂದರೆ ಕ್ಲಿಕ್ಕಣ್ಣನ ಅತ್ತಿಗೆ, ಊರಾಚೆಯ ಮನೆಯಲ್ಲಿ ಒಂದು ಬಿಳಿ ಕುದುರೆ ಸಾಕಿದ್ದಳು. ಹುಟ್ಟಿದಾಗಲೇ ಅದರ ರೆಪ್ಪೆಗಳು ಬೆಳ್ಳಗಿದ್ದವೆಂದು ಅದಕ್ಕೆ 'ಮುದುಕಿ' ಎಂದು ಹೆಸರಿಟ್ಟಿದ್ದಳು. ಈಗ ಮುದುಕಿ ನಿಜಕ್ಕೂ ಮುದುಕಿಯಾಗಿತ್ತು. ಅತ್ತಿಗೆ ಮಾತ್ರ ಮುದುಕಿಯಾಗಲಿಲ್ಲ. ಹೋದ ಚಳಿಗಾಲದಲ್ಲಿ, ತಲೆಯಲ್ಲಿ ಇನ್ನೂ ಕಪ್ಪು ಕೂದಲಿರುವಾಗಲೇ ಹೋಗಿಬಿಟ್ಟಳು. ಅಂದಿನಿಂದ ಕುದುರೆ ಲಾಯದ ಗೋಡೆಗೆ ಮುಖ ಮಾಡಿ ನಿಂತದ್ದು ನಿಂತೇ ಇತ್ತು. ಮೇವು ಅರ್ಧ ತಿನ್ನುವುದು, ಅರ್ಧ ಬಿಡುವುದು. ಕಾಲುಗಳು ಬಾತು ಸೋತಿದ್ದವು. ಇನ್ನು ನರಳಿಸುವುದು ಬೇಡ, ಮುಂದಿನ ವಾರ ಬಂದು ಕೊನೆಯ ಸೂಜಿ ಹಾಕುತ್ತೇನೆ ಎಂದು ಪಶುವೈದ್ಯರು ಹೇಳಿ ಹೋಗಿದ್ದರು.

ಷಡ್ಡಕ ಫೋನ್ ಮಾಡಿದ. ಕಮ್ಮಿ ಮಾತಿನ ಮನುಷ್ಯ. "ಅವಳ ಕುದುರೆದು ಒಂದು ಫೋಟೋ ತೆಗೆದುಕೊಡ್ತೀಯೇನಪ್ಪ? ಇಬ್ರೂ ಒಟ್ಟಿಗಿರೋದು ಒಂದೂ ಇಲ್ಲ. ಅವಳು ಕ್ಯಾಮೆರಾ ಕಂಡ್ರೆ ಓಡೋಳು."

ಕ್ಲಿಕ್ಕಣ್ಣನ ಕಿವಿಗೆ ಬಿದ್ದದ್ದು 'ಕುದುರೆ' ಎಂಬ ಒಂದೇ ಪದ. "ಅಣ್ಣಾ, ಗೋಡೆ ಖಾಲಿ ಮಾಡಿಡಿ!" ಎಂದು ಅಬ್ಬರಿಸಿದ.

ಹೊರಟಿತು ದಂಡಯಾತ್ರೆ! ಕಪ್ಪು ಬಟ್ಟೆಯ ಸುರುಳಿ, ದೀಪದ ಸ್ಟ್ಯಾಂಡು, ಬೆಳಕಿನ ಕೊಡೆ, ಜೊತೆಗೆ ಸಹಾಯಕಿಯಾಗಿ ಹೆಂಡತಿ. ದಾರಿಯುದ್ದಕ್ಕೂ ಪಾಠ. "ಹಗ್ಗ ಹಿಡ್ಕೊಂಡು ನೀನು ಪಕ್ಕದಲ್ಲಿ ನಿಂತ್ಕೊ. ಆಮೇಲೆ ಕಂಪ್ಯೂಟರಲ್ಲಿ ಹಗ್ಗ, ಕೈ, ನೀನು ಎಲ್ಲಾ ಮಾಯ! ಉಳಿಯೋದು ಕುದುರೆ ಒಂದೇ. ಇನ್ನೊಂದು, ಕಿವಿ! ಕಿವಿ ಮುಂದಕ್ಕೆ ನಿಮಿರಿರಬೇಕು. ಹಿಂದಕ್ಕೆ ಮಡಚಿತೋ, ಚಿತ್ರ ಕೆಟ್ಟ ಹಾಗೆ."

"ನಾನೇನು ಕುದುರೆ ಕಿವಿ ಹಿಂಡ್ಲಾ? ನಿಮ್ಮದಾದ್ರೆ ಅಭ್ಯಾಸ ಇದೆ."

ಲಾಯದ ಬಾಗಿಲಲ್ಲಿ ಕಪ್ಪು ಬಟ್ಟೆ ತೂಗುಬಿಟ್ಟಿದ್ದಾಯಿತು. ಕ್ಲಿಕ್ಕಣ್ಣ ಬೆಳಕಿನ ಕೊಡೆಯನ್ನು ಫಟ್ಟನೆ ಬಿಚ್ಚಿದ. ಮುದುಕಿ ಬೆಚ್ಚಿ ಒದ್ದದ್ದು ನೀರಿನ ಬಕೆಟ್ಟಿಗೆ. ಬಕೆಟ್ಟು ಹೋಗಿ ಮಗುಚಿದ್ದು ಹೆಂಡತಿಯ ಹಳದಿ ಸ್ವೆಟರಿನ ಮೇಲೆ. ಉಳಿದ ನೀರು ಕ್ಲಿಕ್ಕಣ್ಣನ ಬೂಟಿಗೆ. ಇಷ್ಟೆಲ್ಲ ಗಲಭೆಯಲ್ಲೂ ಮುದುಕಿಯ ಕಿವಿ ಮಾತ್ರ ಒಣಗಿದ ಎಲೆಯಂತೆ ಪಕ್ಕಕ್ಕೆ ಜೋತುಬಿದ್ದೇ ಇತ್ತು.

ಶಿಳ್ಳೆ ಹಾಕಿದ. ಇಲ್ಲ. ಬಿಸ್ಕತ್ತಿನ ಪೊಟ್ಟಣ ಪರಪರಿಸಿದ. ಇಲ್ಲ. ಫೋನಿನಲ್ಲಿ ಕುದುರೆ ಕೆನೆತದ ಸದ್ದು ಹಚ್ಚಿದ. ಪಕ್ಕದ ಮನೆಯ ನಾಯಿ ಬೇಲಿ ಹಾರಿ ಬಂತು, ಮುದುಕಿ ಅಲುಗಲಿಲ್ಲ. ಕೊನೆಯ ಅಸ್ತ್ರವೆಂದು ಕ್ಲಿಕ್ಕಣ್ಣ ಸ್ವತಃ ಕೆನೆದ! ಮುದುಕಿ ನಿಧಾನವಾಗಿ ಬೆನ್ನು ತಿರುಗಿಸಿ, ಬಾಲವೆತ್ತಿ, ಕಲಾವಿದನ ಬಗ್ಗೆ ತನ್ನ ಅಭಿಪ್ರಾಯವನ್ನು ಬುಟ್ಟಿಗಟ್ಟಲೆ ವ್ಯಕ್ತಪಡಿಸಿತು.

ಅಂಗಳದಲ್ಲಿ ನಿಂತಿದ್ದ ಷಡ್ಡಕನ ಮುಖದಲ್ಲಿ ಸಣ್ಣ ನಗು ಬಂದು ಹೋಯಿತು. ಬಹಳ ದಿನಗಳ ಮೇಲೆ ಬಂದ ನಗು, ಹೆಚ್ಚು ಹೊತ್ತು ನಿಲ್ಲಲಿಲ್ಲ.

"ನಿನ್ನ ಹಳದಿ ಬಣ್ಣ ಕುದುರೆ ಕುತ್ತಿಗೆ ಮೇಲೆ ಹೊಡೀತಿದೆ, ಕಾಮಾಲೆ ಬಂದಂಗೆ ಕಾಣತ್ತೆ!" ಕ್ಲಿಕ್ಕಣ್ಣ ತನ್ನ ಸೋಲನ್ನೆಲ್ಲ ಸ್ವೆಟರಿನ ತಲೆಗೆ ಕಟ್ಟಿದ. "ಕಪ್ಪಗಿರೋದು ಏನಾದ್ರೂ ಹಾಕ್ಕೋ ಹೋಗು!"

ಹೆಂಡತಿ ನಡುಗುತ್ತ ಸುತ್ತ ನೋಡಿದಳು. ಬಾಗಿಲ ಹಿಂದಿನ ಗೂಟದಲ್ಲಿ ಒಂದು ಕಪ್ಪು ಕೋಟು ನೇತಾಡುತ್ತಿತ್ತು. ಅಕ್ಕನದು. ಅವಳು ಹೋದ ಮೇಲೆ ಅದನ್ನು ಅಲ್ಲಿಂದ ಯಾರೂ ಕದಲಿಸಿರಲಿಲ್ಲ. ಹೆಂಡತಿ ಅದರ ತೋಳು ಹಿಡಿದು ನಿಂತುಬಿಟ್ಟಳು.

"ಬೇಗ! ಬೆಳಕು ಹೋಗ್ತಿದೆ!"

ಅವಳು ಕೋಟು ತೊಟ್ಟಳು. ಚಳಿಗೆ ಕಾಲರನ್ನು ಕಿವಿಯವರೆಗೆ ಎತ್ತಿಕೊಂಡು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಮುದುಕಿಯ ಎದುರು ಒಂದು ಬದಿಗೆ ಹೋಗಿ ನಿಂತಳು.

ಆಗ ನಿಮಿರಿದವು ಕಿವಿಗಳು! ಎರಡೂ, ಒಟ್ಟಿಗೇ, ಮುಂದಕ್ಕೆ! ಕುತ್ತಿಗೆ ಎತ್ತಿತು, ಮೂಗು ಅರಳಿತು, ಮಸುಕಾದ ಕಣ್ಣುಗಳು ದೀಪ ಹಚ್ಚಿದಂತೆ ಬೆಳಗಿದವು. ಅಂಗಳದಲ್ಲಿದ್ದ ಷಡ್ಡಕ ಒಂದು ಹೆಜ್ಜೆ ಮುಂದೆ ಬಂದ. ಅವನ ಬಾಯಿಂದ ಮೆಲ್ಲಗೆ ಒಂದು ಮಾತು ಜಾರಿತು:

"ಬಂದ್ಯೇನೇ?"

"ಅಣ್ಣಾ, ಮಾತಾಡ್ಬೇಡಿ! ಕಿವಿ ಹಾಳಾಗತ್ತೆ!" ಎಂದು ಗದರಿಸಿ ಕ್ಲಿಕ್ಕಣ್ಣ ಗುಂಡಿ ಒತ್ತಿದ.

ಒಂದೇ ಒಂದು ಫೋಟೋ. ಮರುಕ್ಷಣ ಮುದುಕಿ ಕುಂಟುತ್ತ ಮುಂದೆ ನುಗ್ಗಿ ಕೋಟಿನ ಎದೆಗೆ ಹಣೆ ಒತ್ತಿತು. ಕಪ್ಪು ಬಟ್ಟೆ ಹರಿಯಿತು, ಸ್ಟ್ಯಾಂಡು ಉರುಳಿತು, ದೀಪ ಕ್ಲಿಕ್ಕಣ್ಣನ ತಲೆಯ ಮೇಲೆ ಬಿದ್ದು ಒಡೆಯಿತು. ಅವನಿಗೆ ಅದರ ಪರಿವೆಯೇ ಇಲ್ಲ! "ಸಿಕ್ತು! ಸಿಕ್ತು!" ಎಂದು ಕುಣಿಯುತ್ತಿದ್ದ. ಕೋಟಿನೊಳಗೆ ಹೆಂಡತಿ ಅಳುತ್ತಿದ್ದದ್ದು ಅವನಿಗೆ ಕಾಣಲಿಲ್ಲ. ಕಂಡಿದ್ದರೂ, ಗಾಜು ಒಡೆದದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದ.

ಮುಂದಿನ ದಿನಗಳಲ್ಲಿ ಕ್ಲಿಕ್ಕಣ್ಣ ಊಟ ನಿದ್ದೆ ಬಿಟ್ಟು ಕಂಪ್ಯೂಟರಿನ ಮುಂದೆ ತಪಸ್ಸಿಗೆ ಕೂತ. ಹಗ್ಗ ಹೋಯಿತು. ಮುಖದ ಪಟ್ಟಿ ಹೋಯಿತು. ಕೈ ಹೋಯಿತು, ಕೋಟು ಹೋಯಿತು, ಕಾಲರಿನ ಮೇಲೆ ಇಣುಕುತ್ತಿದ್ದ ಕೂದಲೂ ಹೋಯಿತು. ತಿದ್ದಿದ್ದನ್ನೇ ಮೂಲ ಫೋಟೋದ ಮೇಲೆ ಸೇವ್ ಮಾಡಿದ, ಮೂಲ ಅಳಿಸಿಹೋಯಿತು. ಮದುವೆಯೊಂದಕ್ಕೆ ಬೇಕಾಯಿತೆಂದು ಕ್ಯಾಮೆರಾದ ಕಾರ್ಡನ್ನೂ ಅಳಿಸಿ ಖಾಲಿ ಮಾಡಿದ.

"ನಾನೊಂದ್ಸಲ ನೋಡ್ಲಾ?" ಎಂದು ಹೆಂಡತಿ ಕೇಳಿದ್ದಳು.

"ಮುಗಿದ ಮೇಲೆ! ಅರ್ಧ ಬೆಂದ ಅಡಿಗೆ, ಅರ್ಧ ಮಾಡಿದ ಕಲೆ, ಎರಡೂ ತೋರಿಸಬಾರದು."

ಅಷ್ಟರಲ್ಲಿ ಪಶುವೈದ್ಯರು ಬಂದು ಹೋಗಿದ್ದರು. ಗಂಡ ಹೆಂಡತಿ ಚೌಕಟ್ಟು ಹೊತ್ತುಕೊಂಡು ಹೋದಾಗ ಲಾಯ ಗುಡಿಸಿ ತೊಳೆದಾಗಿತ್ತು, ಬಾಗಿಲು ತೆರೆದೇ ಇತ್ತು.

ಕ್ಲಿಕ್ಕಣ್ಣ ಹೊದಿಕೆ ಸರಿಸಿದ. ನಿಜಕ್ಕೂ ಅದ್ಭುತ ಚಿತ್ರ! ಕಡುಗಪ್ಪಿನ ನಡುವೆ ಬೆಳ್ಳಗೆ ಹೊಳೆಯುವ ಮುಖ, ನಿಮಿರಿದ ಕಿವಿ, ಪ್ರಾಣವನ್ನೇ ಕಣ್ಣಿಗೆ ತಂದುಕೊಂಡ ನೋಟ. ಷಡ್ಡಕ ಹತ್ತಿರ ಬಂದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಕುದುರೆಯ ಎದುರಿನ ಕತ್ತಲಿನ ಮೇಲೆ ಬೆರಳಿಟ್ಟ.

"ಇಲ್ಲಿ... ಇಲ್ಲಿ ಅವಳು ನಿಂತಿದ್ಲಲ್ಲ?"

"ಅಳಿಸಿಬಿಟ್ಟೆ ಅಣ್ಣಾ!" ಕ್ಲಿಕ್ಕಣ್ಣ ಎದೆಯುಬ್ಬಿಸಿದ. "ಭೂತಗನ್ನಡಿ ಹಿಡಿದು ಹುಡುಕಿ, ಒಂದು ಕೂದಲು ಸಿಕ್ಕಿದ್ರೆ ಕೇಳಿ!"

ಷಡ್ಡಕ ಬೆರಳು ತೆಗೆಯಲಿಲ್ಲ. ಕ್ಲಿಕ್ಕಣ್ಣನ ಉಬ್ಬಿದ ಎದೆ ಅಲ್ಲೇ ತೂತು ಬಿದ್ದ ಬಲೂನಿನಂತೆ ಇಳಿಯತೊಡಗಿತು. ಹಿಂದಿನಿಂದ ಹೆಂಡತಿಯ ದನಿ ಬಂತು. ಎಂದಿನ ಮೊನಚು ಅದರಲ್ಲಿರಲಿಲ್ಲ.

"ಫೋಟೋ ತೆಗೀರಿ ಅಂತ ಕರೆದ್ರೆ ನಮ್ಮಕ್ಕನ್ನೇ ತೆಗೆದುಬಿಟ್ರಲ್ಲ ರೀ!"

"ಮೂಲ... ಮೂಲ ಇರ್ಬೇಕು..." ಎಂದ ಕ್ಲಿಕ್ಕಣ್ಣ. ಇಲ್ಲವೆಂದು ಅವನಿಗೇ ಗೊತ್ತಿತ್ತು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಹೆಂಡತಿ ಮೊದಲ ಸಲ ನೋಡಿದ್ದು ಅಂದೇ.

"ಬಿಡಪ್ಪ," ಎಂದ ಷಡ್ಡಕ. "ನಮಗೆ ಕಾಣ್ದೆ ಇದ್ರೇನು, ಮುದುಕಿಗೆ ಕಾಣ್ತಿದಾಳೆ. ಮೊಳೆ ಎಲ್ಲಿ ಹೊಡೆಯೋದು ಹೇಳು."

ಮೊಳೆಯನ್ನು ಷಡ್ಡಕನೇ ಹೊಡೆದ. ಕ್ಲಿಕ್ಕಣ್ಣ ಚೌಕಟ್ಟು ಹಿಡಿದುಕೊಂಡ.

ಕುದುರೆಗಳ ಕಲಾತ್ಮಕ ಭಾವಚಿತ್ರ ಅಲ್ಲಿಗೇ ಮುಗಿಯಿತು. ಈಗ ಕ್ಲಿಕ್ಕಣ್ಣ ಮತ್ತೆ ಲಾಂಡ್ರಿ ಪಕ್ಕದ ಸ್ಟುಡಿಯೋದಲ್ಲಿ ಎರಡು ಕಾಲಿನವರ ಫೋಟೋ ತೆಗೆಯುತ್ತಾನೆ. ಮೊನ್ನೆ ಹೆಂಗಸೊಬ್ಬರು ಬಂದು, "ಕೆನ್ನೆ ಮೇಲೆ ಈ ದೊಡ್ಡ ಮಚ್ಚೆ ಇದೆ ನೋಡಿ, ಅದನ್ನ ಕಂಪ್ಯೂಟರಲ್ಲಿ ತೆಗೆದುಬಿಡಿ" ಎಂದರು. ಕ್ಲಿಕ್ಕಣ್ಣ ಮೌಸಿನ ಮೇಲೆ ಕೈಯಿಟ್ಟವನು ಹಾಗೇ ಹಿಂದಕ್ಕೆಳೆದುಕೊಂಡ.

"ತೆಗೀಬಹುದಮ್ಮಾ," ಎಂದ. "ಆದ್ರೆ ಮನೇಲಿ ಅದು ಯಾರಿಗಾದ್ರೂ ಬೇಕಾ ಅಂತ ಒಂದು ಮಾತು ಕೇಳ್ಕೊಂಡು ಬನ್ನಿ."