ಕೂತವರು ಏಳಲಿಲ್ಲ

ಕಾಯುವವರನ್ನು ಸುಖವಾಗಿ ಕೂರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲೇ ಇಲ್ಲ! ಹೆಂಡತಿಯ ಟೈಲರಿಂಗ್ ಅಂಗಡಿಯ ನಡುವೆ ನಿಂತು ನಾನು ಹೀಗೆ ಘೋಷಿಸಿದಾಗ, ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆಯದೆಯೇ ನಕ್ಕಳು. ಆ ನಗುವನ್ನು ನಾನು ಆಶೀರ್ವಾದವೆಂದು ತಿಳಿದೆ.

ಘೋಷಣೆಗೆ ಕಾರಣವಿತ್ತು. ಎದುರುಗಡೆ ಹೊಸ ಟೈಲರಿಂಗ್ ಅಂಗಡಿ ತೆರೆದಿತ್ತು. ಆಳೆತ್ತರದ ಕನ್ನಡಿ, ಝಗಮಗ ದೀಪ, ತಣ್ಣನೆಯ ಗಾಳಿ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟುತ್ತಿದ್ದರು. ಹೀಗೇ ಆದರೆ ಬಾಗಿಲು ಹಾಕುವುದೇ ಸೈ ಎಂದು ಹೆಂಡತಿ ಹೇಳಿಬಿಟ್ಟಿದ್ದಳು. ನಾನು ಶತ್ರುವಿನ ಕೋಟೆಯನ್ನು ಹೊಕ್ಕು ನೋಡಿ ಬಂದೆ. ಅಲ್ಲಿ ಕೂರಲು ಒಂದು ಸ್ಟೂಲೂ ಇಲ್ಲ! ನಮ್ಮಲ್ಲಿದ್ದದ್ದು ಮರದ ಬೆಂಚು. ಅದರಲ್ಲಿ ಕೂತವರು ಸೊಂಟ ಹಿಡಿದುಕೊಂಡೇ ಏಳುತ್ತಿದ್ದರು.

ಮರುದಿನವೇ ಬೆಂಚು ಮನೆಗೆ ಹೋಯಿತು, ಮನೆಯ ಸೋಫಾ ಅಂಗಡಿಗೆ ಬಂತು. ಜೊತೆಗೆ ಟೇಬಲ್ ಫ್ಯಾನು, ಪತ್ರಿಕೆಗಳು, ಹೂಜಿಯಲ್ಲಿ ನೀರು. ಆದರೆ ದಿಗ್ವಿಜಯದ ಅಮಲಿನಲ್ಲಿ ಒಂದು ಸಣ್ಣ ಸಂಗತಿ ಮರೆತಿದ್ದೆ. ಆ ಸೋಫಾದ ಬಲತುದಿಯಲ್ಲಿ ಒಂದು ತಗ್ಗಿದೆ. ಅದು ನಿವೃತ್ತ ಡ್ರಿಲ್ ಮೇಷ್ಟ್ರಾದ ನನ್ನ ಅಪ್ಪ ವರ್ಷಗಟ್ಟಲೆ ಕೂತು ಕೆತ್ತಿದ ಶಿಲ್ಪ. ಬೇರೆಲ್ಲೂ ಅವರಿಗೆ ಕೂರಲಾಗದು. ಸೋಫಾದ ಹಿಂದೆಯೇ ಅಪ್ಪನೂ ಬಂದರು.

ಬಂದವರು ಸುಮ್ಮನಿರಬೇಕಲ್ಲ? ಬಟ್ಟೆ ಬಿಗಿಯಾಗಿದೆ, ಸ್ವಲ್ಪ ಸಡಿಲ ಮಾಡಿಕೊಡಿ ಎಂದು ಹಳೆಯ ಗಿರಾಕಿಯೊಬ್ಬಳು ಕೇಳಿದಳು.

"ಹೊಲಿಗೆ ಯಾಕಮ್ಮ ಬಿಚ್ಚಿಸ್ತೀಯ? ದಿನಾ ಓಡು. ಬಟ್ಟೆ ತಾನಾಗೇ ಸಡಿಲ ಆಗುತ್ತೆ" ಎಂದರು ಅಪ್ಪ.

ಆಕೆ ಓಡಿದಳು. ನೇರ ಎದುರಂಗಡಿಗೆ!

ಮಾವನವರಿಗೆ ತಾನು ಹೇಗೆ ಹೇಳುವುದು, ನೀವೇ ಹೇಳಿ ಎಂದು ಹೆಂಡತಿ ನನ್ನನ್ನು ಅಟ್ಟಿದಳು. ಹೇಳಲು ಹೋದೆ. ಅಪ್ಪ ನನ್ನ ಹೊಟ್ಟೆಯನ್ನೊಮ್ಮೆ ನೋಡಿದರು. ಹೇಳದೆ ವಾಪಸಾದೆ.

ಆದರೂ ಸೋಫಾ ಮಾತ್ರ ಸದಾ ಭರ್ತಿ. ಗುರುತಿಲ್ಲದ ಗಂಡಸರು ಸಾಲಾಗಿ ಬಂದು, ಮುಖದ ಮೇಲೆ ಪತ್ರಿಕೆ ಹೊದ್ದು, ಅಪ್ಪನ ಗೊರಕೆಗೆ ಶ್ರುತಿ ಸೇರಿಸುತ್ತಿದ್ದರು. ಎಷ್ಟು ಜನ ನೋಡು ಎಂದು ಬೀಗಿದೆ.

"ಜನ ಇದ್ದಾರೆ. ಬಟ್ಟೆ ಎಲ್ಲಿ?" ಎಂದಳು ಹೆಂಡತಿ. ಅವಳ ಮಷೀನು ಸದ್ದು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು.

ಉತ್ತರ ತಂದವಳು ಎದುರಂಗಡಿಯವಳೇ. "ತುಂಬಾ ಉಪಕಾರ ಆಯ್ತು ಅಕ್ಕ" ಎಂದಳು ನಗುನಗುತ್ತಾ. "ನಮ್ಮಲ್ಲಿ ಹೊಲಿಸೋಕೆ ಬರೋರ ಯಜಮಾನ್ರೆಲ್ಲ ಇಲ್ಲೇ ಆರಾಮಾಗಿ ಮಲಗಿರ್ತಾರೆ. ಹೊರಡು ಹೊರಡು ಅಂತ ಗೊಣಗೋರು ಇಲ್ವಲ್ಲ, ಹೆಂಗಸರು ಇನ್ನೆರಡು ಬಟ್ಟೆ ಜಾಸ್ತಿನೇ ಕೊಡ್ತಾರೆ."

ಕುಸಿದು ಕೂರೋಣವೆಂದರೆ ಸೋಫಾದಲ್ಲಿ ಜಾಗವಿರಲಿಲ್ಲ.

ಹೆಂಡತಿ ಕತ್ತರಿ ಕೆಳಗಿಟ್ಟಳು. "ಅಷ್ಟು ಅನುಕೂಲ ಆಗಿದ್ರೆ ಸೋಫಾನೇ ತಗೊಂಡ್ಹೋಗಮ್ಮ" ಎಂದಳು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ.

ಸೋಫಾ ರಸ್ತೆ ದಾಟಿತು. ಹಿಂದೆಯೇ ಅಪ್ಪ.

ವಾರ ಕಳೆಯುವುದರೊಳಗೆ ನಮ್ಮ ಗಿರಾಕಿಗಳು ಅಲ್ಲೂ ಅಪ್ಪನಿಂದ 'ದಿನಾ ಓಡು' ಎನ್ನಿಸಿಕೊಂಡು, ಮುಖ ಊದಿಸಿಕೊಂಡು ಒಬ್ಬೊಬ್ಬರಾಗಿ ಇತ್ತ ಬರತೊಡಗಿದರು. ಮನೆಗೆ ಗಡೀಪಾರಾಗಿದ್ದ ಬೆಂಚೂ ಮರಳಿ ಬಂತು. ನಾನು ಅದರ ಮೇಲೆ ಚಕ್ರವರ್ತಿಯಂತೆ ಆಸೀನನಾಗಿ, ಅಂತೂ ನನ್ನ ಯೋಜನೆ ಫಲಿಸಿತಲ್ಲ ಎಂದೆ.

ಈ ಸಲ ಹೆಂಡತಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನೆಲ್ಲ ತೆಗೆದಳು.

"ಎದ್ದೇಳ್ರೀ, ಗಿರಾಕಿಗಳು ನಿಂತಿದ್ದಾರೆ."